ಉಸಿರು ಇರುವಾಗಲೇ ಮನೆಗೆ

"ನರ್ಸ್ ವಾರ್ಡ್ ಬಿಟ್ಟು ಹೋಗ್ಬಾರ್ದು. ಯಾರ ಕೊನೆಯಾಸೆ ಆದ್ರೂ ಸರಿ, ಹೋಗ್ಬಾರ್ದು. ನಮ್ಮ ಆಸ್ಪತ್ರೇಲಿ ಆ ನಿಯಮ ಬರೆದವನೇ ನಾನು."

ಪರದೆಯ ಆಚೆ ಕೂತ ಮನುಷ್ಯ ಕಣ್ಣು ಮಿಟುಕಿಸದೆ ಇಷ್ಟು ಹೇಳಿ, ತಣ್ಣಗೆ ಒಂದು ಗುಟುಕು ಚಹಾ ಕುಡಿದ.

ಮಾನ್‌ಯೂನ್‌ಗೆ ಮೈಯೆಲ್ಲ ಉರಿದುಹೋಯಿತು.

ಆನ್‌ಲೈನ್ ಸ್ನಾತಕೋತ್ತರ ತರಗತಿಯ ಮೊದಲ ದಿನ ಅದು. ವಿಷಯ, ಆಸ್ಪತ್ರೆಗಳಲ್ಲಿ ನಾಯಕತ್ವ. ತೈಪೆಯಲ್ಲಿ ಕೂತ ಪ್ರೊಫೆಸರ್ ಫಾಂಗ್ ವಿದ್ಯಾರ್ಥಿಗಳನ್ನು ಇಬ್ಬಿಬ್ಬರಂತೆ ಬೇರೆ ಬೇರೆ ಪರದೆಗೆ ಕಳಿಸಿ, "ನಿಮ್ಮ ಕೆಲಸದ ಜಾಗದಲ್ಲಿ ನಿಮಗೆ ನೋವು ಕೊಟ್ಟ ಒಂದು ತೀರ್ಮಾನದ ಬಗ್ಗೆ ಹೇಳ್ಕೊಳ್ಳಿ" ಅಂದಿದ್ದರು. ಮಾನ್‌ಯೂನ್ ಜಿಯಾಯಿಯ ಒಂದು ಆಸ್ಪತ್ರೆಯಲ್ಲಿ ಶ್ವಾಸಕೋಶದ ವಾರ್ಡಿನ ಹೆಡ್ ನರ್ಸ್. ಅವಳಿಗೆ ಹೇಳಿಕೊಳ್ಳಲು ನೋವಿಗೇನೂ ಬರವಿರಲಿಲ್ಲ.

ಅವಳ ವಾರ್ಡಿನ ಮುದುಕರು ಸಾಯುವ ಹೊತ್ತಿಗೆ ಕೇಳುವುದು ಒಂದನ್ನೇ. ಉಸಿರು ಇರುವಾಗಲೇ ಮನೆಗೆ ಕರೆದುಕೊಂಡು ಹೋಗಿ! ಸ್ವಂತ ಮನೆಯ ನಡುಕೋಣೆಯಲ್ಲಿ, ಗತಿಸಿದ ಹಿರಿಯರನ್ನು ಪೂಜಿಸುವ ಪೀಠದ ಎದುರು ಪ್ರಾಣ ಹೋದರೆ ಮಾತ್ರ ಅದು ಒಳ್ಳೆಯ ಸಾವು. ಅದಕ್ಕೇ ಆಂಬುಲೆನ್ಸಿನಲ್ಲಿ ಒಬ್ಬ ನರ್ಸ್, ಬಾಯಿಯ ಕೊಳವೆಗೆ ಆಂಬು ಬ್ಯಾಗ್ ಅನ್ನುವ ಗಾಳಿಚೀಲ ಸಿಕ್ಕಿಸಿ, ಕೈಯಿಂದ ಒತ್ತಿ ಒತ್ತಿ ಉಸಿರು ಕೊಡುತ್ತಾ ಮನೆಯವರೆಗೂ ಹೋಗುತ್ತಿದ್ದಳು. ಕಳೆದ ತಿಂಗಳು ಆಡಳಿತದವರು ಅದನ್ನು ನಿಲ್ಲಿಸಿದ್ದರು.

ಈಗ ನೋಡಿದರೆ, ಕಾವ್‌ಶುಂಗ್‌ನ ಇನ್ಯಾವುದೋ ಆಸ್ಪತ್ರೆಯ ಗುಣಮಟ್ಟ ವಿಭಾಗದ ಈ ತು ಯೆನ್‌ಲಿನ್ ಅನ್ನುವವನೂ ಅದೇ ರಾಗ ಹಾಡುತ್ತಿದ್ದಾನೆ!

"ನಿಮ್ಮ ಮನೇಲಿ ಹಿರಿಯರು ಯಾರೂ ಇಲ್ವಾ?" ಮಾನ್‌ಯೂನ್ ಕೇಳಿದಳು.

"ಅಪ್ಪ ಇದ್ದಾರೆ."

"ನಾಳೆ ಅವರು ಯಾರದೋ ಹಾಸಿಗೆ ಮೇಲೆ, ನಾಲ್ಕು ಗೋಡೆ ನೋಡ್ಕೊಂಡು ಹೋಗ್ಲಿ ಅಂತ ನಿಮಗೆ ಆಸೆನಾ?"

ಅವನ ಮುಖದಲ್ಲಿ ಏನೋ ಸರಿದುಹೋದ ಹಾಗಾಯಿತು. ಆದರೆ ಸಿಟ್ಟಿನಲ್ಲಿದ್ದವಳಿಗೆ ಅದೆಲ್ಲ ಎಲ್ಲಿ ಕಾಣಬೇಕು?

ಅಷ್ಟರಲ್ಲಿ ಎಲ್ಲರೂ ದೊಡ್ಡ ಪರದೆಗೆ ವಾಪಸ್ಸಾದರು. ಪ್ರೊಫೆಸರ್ ಫಾಂಗ್ ನಗುತ್ತಾ ಹೇಳಿದರು. "ಈಗ ಯಾರು ಯಾರ ಜೊತೆ ಇದ್ರೋ, ವರ್ಷವಿಡೀ ಅವರ ಜೊತೆಗೇ ಪ್ರಾಜೆಕ್ಟ್."

"ಅಯ್ಯೋ ದೇವರೇ... ಈ ಕಲ್ಲುಗುಂಡಿನ ಜೊತೆನಾ!"

ಮನಸ್ಸಿನಲ್ಲಿ ಅಂದುಕೊಂಡಿದ್ದಲ್ಲ, ಬಾಯಿ ಬಿಟ್ಟೇ ಅಂದಿದ್ದಳು. ಮೈಕ್ ಆನ್ ಇತ್ತು. ಇಡೀ ತರಗತಿ ಗೊಳ್ಳೆಂದಿತು. ಕಲ್ಲುಗುಂಡು ಮಾತ್ರ ಗಂಭೀರವಾಗಿ, "ನಮಸ್ಕಾರ, ಜೊತೆಗಾತಿ" ಅಂತು.

*

ಶನಿವಾರ ಮಧ್ಯಾಹ್ನ ತರಗತಿ. ಮಾನ್‌ಯೂನ್ ವಾರವಿಡೀ ಜಿಯಾಯಿಯಲ್ಲಿ ದುಡಿದು, ಶನಿವಾರ ಬೆಳಗ್ಗೆ ಬಸ್ಸು ಹತ್ತಿ ಸಮುದ್ರದಂಚಿನ ಪುತಾಯಿಗೆ, ಅಪ್ಪನ ಮನೆಗೆ ಬರುತ್ತಿದ್ದಳು. ಅಮ್ಮ ತೀರಿಹೋಗಿ ಬಹಳ ಕಾಲವಾಗಿತ್ತು. ಸಿಂಪಿ ಸಾಕಿ ಬದುಕಿದ ಅಪ್ಪನಿಗೆ ಈಗ ಶ್ವಾಸಕೋಶ ಸೋತಿತ್ತು. ಹತ್ತು ಹೆಜ್ಜೆ ಇಟ್ಟರೆ ಏದುಸಿರು. ಬಾಯಿ ಮಾತ್ರ ಎಂದಿನಂತೆಯೇ ಗಟ್ಟಿಯಾಗಿತ್ತು.

"ಏನೇ ಅದು ಕಲೀತಿರೋದು?"

"ನಾಯಕತ್ವ ಅಪ್ಪ."

"ನಾಯಕತ್ವಾನಾ! ಈ ಮನೇಲಿ ಬೆಕ್ಕೂ ನಿನ್ನ ಮಾತು ಕೇಳಲ್ಲ. ನಿನಗೆ ನಾಯಕತ್ವ ಕಲಿಸೋ ಆ ಪುಣ್ಯಾತ್ಮರು ಯಾರಮ್ಮ?"

ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಅವಳು ಪಾಠ ಕೇಳುವಾಗ ಹಿಂದೆ ಕೂತು ಅವನು ಸಿಂಪಿ ಬಿಡಿಸುತ್ತಿದ್ದ. ಒಂದು ದಿನ ಬಗ್ಗಿ ಪರದೆ ನೋಡಿ, "ಯಾರೇ ಅದು, ಆ ಉದ್ದ ಮುಖದವನು? ಮೂರು ದಿನದಿಂದ ಊಟ ಮಾಡಿಲ್ವಂತಾ?" ಅಂದುಬಿಟ್ಟ.

ಯೆನ್‌ಲಿನ್ ನಕ್ಕ! ಮಾನ್‌ಯೂನ್ ಅವನು ನಗುವುದನ್ನು ಅವತ್ತೇ ಮೊದಲು ನೋಡಿದ್ದು. ಅಯ್ಯೋ, ಈ ಮನುಷ್ಯನಿಗೆ ನಗೋಕೂ ಬರುತ್ತಾ... ಅಂದುಕೊಂಡಳು. ಅವತ್ತು ಸಂಜೆಯವರೆಗೂ ಆ ನಗು ಅವಳ ತಲೆಯಿಂದ ಇಳಿಯಲಿಲ್ಲ.

ಪ್ರಾಜೆಕ್ಟಿಗೆ ಅವಳು ಹಟ ಹಿಡಿದು ಆರಿಸಿದ ವಿಷಯ ಇದೇ. ಸಾಯುವವರನ್ನು ಮನೆಗೆ ತಲುಪಿಸುವ ಕೆಲಸವನ್ನು ಆಸ್ಪತ್ರೆ ಮತ್ತೆ ಶುರು ಮಾಡಬೇಕು. ಅವನು ಬೇಡ ಅನ್ನಲಿಲ್ಲ. ಅವಳು ಬರೆದದ್ದನ್ನೆಲ್ಲ ತಾಳ್ಮೆಯಿಂದ ಓದಿದ. ಆದರೆ ಪ್ರತಿ ವಾರವೂ ಒಂದೇ ಪ್ರಶ್ನೆ.

"ನರ್ಸ್ ಹೊರಟುಹೋದ್ರೆ ಅವಳ ರೋಗಿಗಳನ್ನ ಯಾರು ನೋಡ್ಕೊಳ್ತಾರೆ?"

"ಉಳಿದವರು ಹೊಂದಿಸ್ಕೊತಾರೆ. ನಾವು ಯಾವಾಗ್ಲೂ ಹೊಂದಿಸ್ಕೊಂಡೇ ಬಂದಿದ್ದೀವಿ."

"ಹೊಂದಿಸ್ಕೊಳ್ಳೋಕೆ ಆಗದೇ ಇದ್ರೆ?"

"ನೀವು ಯಾಕೆ ಯಾವಾಗ್ಲೂ ಕೆಟ್ಟದ್ದನ್ನೇ ಯೋಚಿಸ್ತೀರಿ?"

ಆಗೆಲ್ಲ ಅವನು ಸುಮ್ಮನಾಗಿಬಿಡುತ್ತಿದ್ದ. ಅವನ ಮೌನವನ್ನು ಅವಳು ತನ್ನ ಗೆಲುವು ಅಂದುಕೊಳ್ಳುತ್ತಿದ್ದಳು.

ಶರತ್ಕಾಲದಲ್ಲಿ ಒಂದು ಭಾನುವಾರ ಅವನು ಪೇರಳೆ ಹಣ್ಣಿನ ಚೀಲ ಹಿಡಿದು ಪುತಾಯಿಗೇ ಬಂದ. ಗುಣಮಟ್ಟದ ವಿಭಾಗಕ್ಕೆ ಹೋಗುವ ಮೊದಲು ಉಸಿರಾಟದ ಥೆರಪಿಸ್ಟ್ ಆಗಿದ್ದ ಅಂತ ಆಗ ಗೊತ್ತಾಯಿತು. ಅಪ್ಪನ ಪಕ್ಕ ಮಣೆ ಹಾಕಿ ಕೂತು, ತುಟಿ ಮುಂದೆ ಮಾಡಿ ನಿಧಾನಕ್ಕೆ ಉಸಿರು ಬಿಡುವುದನ್ನು ಹೇಳಿಕೊಟ್ಟ.

"ನನ್ನ ಮಗಳೂ ಇದನ್ನೇ ಹೇಳ್ತಾಳೆ ಕಣಪ್ಪ," ಅಂದ ಅಪ್ಪ. "ಆದ್ರೆ ನೀನು ಬೈಯದೆ ಹೇಳ್ತೀಯ."

ಆಮೇಲೆ ಅಪ್ಪ ಅಂಗಳದ ಕಡೆ ತಿರುಗಿದ. "ಮಾನ್‌ಯೂನ್, ನನ್ನ ಟೈಮ್ ಬಂದಾಗ... ಉಸಿರು ಇರುವಾಗ್ಲೇ ಈ ಮನೆಗೆ ಕರ್ಕೊಂಡು ಬಾ. ಇನ್ನೇನೂ ಕೇಳಲ್ಲ ನಿನ್ನ."

"ಅಪ್ಪಾ, ಏನು ಮಾತು ಅಂತ ಆಡ್ತೀಯ!"

"ಕರ್ಕೊಂಡು ಬರ್ತೀಯೋ ಇಲ್ವೋ?"

"...ಕರ್ಕೊಂಡು ಬರ್ತೀನಿ."

ಯೆನ್‌ಲಿನ್ ತಲೆ ತಗ್ಗಿಸಿ ಹಣ್ಣು ಹೆಚ್ಚುತ್ತಿದ್ದ. ಅವನ ಕೈ ನಿಂತೇಹೋಗಿತ್ತು.

ಬಸ್ಸಿನವರೆಗೆ ಬಿಡಲು ಹೋದಾಗ ಅವನು ಮೆಲ್ಲಗೆ ಅಂದ. "ನಿಮ್ಮ ಅಪ್ಪ ಕೇಳಿದ್ದು ದೊಡ್ಡದೇನಲ್ಲ, ಮಾನ್‌ಯೂನ್. ಅದು ಅವರಿಗೆ ಸಿಗ್ಬೇಕು. ನಿಮ್ಮ ಮಾತು ಸರಿ ಅಂತ ಈಗ ಅನ್ನಿಸ್ತಿದೆ."

ಬಸ್ಸು ಹೋದ ಮೇಲೂ ಅವಳು ಅಲ್ಲೇ ನಿಂತಿದ್ದಳು. ಎದೆ ಹೊಡೆದುಕೊಳ್ಳುತ್ತಿತ್ತು. ನನಗೇನಾಗಿದೆ? ಅಂತ ತನ್ನನ್ನೇ ಕೇಳಿಕೊಂಡಳು. ಏನಾಗಿದೆ ಅಂತ ಅವಳಿಗೂ ಗೊತ್ತಿತ್ತು, ಅವಳ ಅಪ್ಪನಿಗೂ ಗೊತ್ತಿತ್ತು. ಗೊತ್ತಿಲ್ಲದ ಹಾಗೆ ಇದ್ದದ್ದು ಯೆನ್‌ಲಿನ್ ಒಬ್ಬನೇ.

*

ಅರ್ಧ ವರ್ಷದ ಕೊನೆಗೆ ಎಲ್ಲರೆದುರು ಪ್ರಾಜೆಕ್ಟ್ ಒಪ್ಪಿಸುವ ದಿನ ಬಂತು. ಮಾನ್‌ಯೂನ್ ಚೆನ್ನಾಗಿ ಮಾತಾಡಿದಳು. ಮುಗಿದಾಗ ಎಷ್ಟೋ ಜನ ಕಣ್ಣೊರೆಸಿಕೊಂಡರು.

ಪ್ರೊಫೆಸರ್ ಫಾಂಗ್ ಯೆನ್‌ಲಿನ್ ಕಡೆ ತಿರುಗಿದರು. "ನಿಯಮ ಬರೆಯೋರು ನೀವು. ಹೇಳಿ, ನಾಳೆ ನಿಮ್ಮ ಆಸ್ಪತ್ರೇಲಿ ಇದಕ್ಕೆ ಒಪ್ಪಿಗೆ ಕೊಡ್ತೀರಾ?"

ಮಾನ್‌ಯೂನ್ ಆಗಲೇ ಮುಗುಳ್ನಗುತ್ತಿದ್ದಳು.

"ಇಲ್ಲ, ಮೇಡಂ," ಅಂದ ಯೆನ್‌ಲಿನ್. "ಪಾಳಿಗೆ ಇಷ್ಟೇ ಜನರನ್ನ ಇಟ್ಕೊಂಡು... ಇಲ್ಲ."

ಅವಳ ನಗು ಹಾಗೇ ಆರಿಹೋಯಿತು. ಕಿವಿಯಲ್ಲಿ ಉಳಿದದ್ದು ಅದೊಂದೇ ಶಬ್ದ. ಇಲ್ಲ! ನಮ್ಮ ಅಂಗಳದಲ್ಲಿ ಕೂತು, ಅಪ್ಪನ ಕೈಯಿಂದ ಊಟ ಮಾಡಿ, ಸರಿ ಅಂತ ನನ್ನ ಮುಖ ನೋಡಿ ಹೇಳಿ... ಎಲ್ಲರೆದುರು ಇಲ್ಲ!

ಅವಳು ಲ್ಯಾಪ್‌ಟಾಪ್ ಮುಚ್ಚಿದಳು. ಫೋನ್ ಬಂತು, ಕತ್ತರಿಸಿದಳು. 'ಒಂದ್ಸಲ ಮಾತಾಡೋಣ, ನಾನು ಹೇಳಬೇಕಾದದ್ದು ಇದೆ' ಅಂತ ಸಂದೇಶ ಬಂತು. ಅವನ ನಂಬರನ್ನೇ ಬ್ಲಾಕ್ ಮಾಡಿದಳು. ಆಮೇಲೆ ಜೊತೆಗಾರನನ್ನು ಬದಲಿಸಿ ಅಂತ ಪ್ರೊಫೆಸರ್‌ಗೆ ಫೋನ್ ಮಾಡಿದಳು.

"ಬದಲಿಸ್ತೀನಮ್ಮ," ಅಂದರು ಅವರು. "ಆದ್ರೆ ಅವನು ಹೇಳಿದ್ದು ಒಂದೇ ಮಾತಲ್ಲ. ನೀನು ಕೇಳಿಸ್ಕೊಂಡಿದ್ದು ಒಂದೇ."

ಮಾನ್‌ಯೂನ್‌ಗೆ ಅದೂ ಕೇಳಿಸಲಿಲ್ಲ. ಅವತ್ತು ಅವಳು ಅಪ್ಪನಿಗೆ ಕಾಣದ ಹಾಗೆ ಹಿತ್ತಲಲ್ಲಿ ನಿಂತು ಅತ್ತಳು. ಅಪ್ಪ ಒಳಗಿನಿಂದಲೇ, "ಉದ್ದ ಮುಖದವನು ಬರಲ್ವಾ ಇನ್ಮೇಲೆ?" ಅಂತ ಕೇಳಿದ.

*

ಚಳಿ ಹೆಚ್ಚಾದಾಗ ಅಪ್ಪನನ್ನು ಅವಳ ವಾರ್ಡಿಗೇ ಸೇರಿಸಬೇಕಾಯಿತು. ಮೊದಲು ಆಮ್ಲಜನಕ, ಆಮೇಲೆ ಕೊಳವೆ, ಯಂತ್ರ. ಮಾತು ನಿಂತಿತು. ಕಣ್ಣು ಮಾತ್ರ ಮಗಳನ್ನು ಹುಡುಕುತ್ತಿತ್ತು. ಆ ಕಣ್ಣು ಏನು ಕೇಳುತ್ತಿದೆ ಅಂತ ಅವಳಿಗೆ ಗೊತ್ತಿತ್ತು.

ಒಂದು ಬೆಳಗ್ಗೆ ಡಾಕ್ಟರ್ ಅವಳ ಭುಜದ ಮೇಲೆ ಕೈಯಿಟ್ಟರು. "ಮನೆಗೆ ಕರ್ಕೊಂಡು ಹೋಗೋದಾದ್ರೆ ಇವತ್ತೇ ಹೋಗಮ್ಮ. ಸಂಜೆಯವರೆಗೆ ಹೇಳೋಕಾಗಲ್ಲ."

ಅವಳು ಅವತ್ತು ರಜೆಯಲ್ಲಿದ್ದಳು, ಮಗಳಾಗಿ ಬಂದಿದ್ದಳು. ಕಿರಿಯ ನರ್ಸ್ ಯಾಚಿಂಗ್ ಓಡಿಬಂದು ಅವಳ ಕೈ ಹಿಡಿದಳು.

"ಅಕ್ಕಾ, ನಾನು ಬರ್ತೀನಿ. ನಿಯಮ ಗಿಯಮ ಆಮೇಲೆ ನೋಡ್ಕೊಳ್ಳೋಣ. ಬೈಸ್ಕೊಳ್ಳೋಕೆ ನಾನು ರೆಡಿ."

ಮಾನ್‌ಯೂನ್ ವಾರ್ಡಿನ ಕಡೆ ನೋಡಿದಳು. ಪಾಳಿಯಲ್ಲಿ ಇದ್ದದ್ದೇ ಮೂವರು. ಊರೆಲ್ಲ ಜ್ವರ, ಹಾಸಿಗೆಗಳೆಲ್ಲ ತುಂಬಿದ್ದವು. ರಜೆಯಲ್ಲಿದ್ದವರು ಹಿಂದಿನ ದಿನ ಎರಡೆರಡು ಪಾಳಿ ದುಡಿದು ಬಿದ್ದುಕೊಂಡಿದ್ದರು. ಕಿಟಕಿ ಪಕ್ಕದ ಅಜ್ಜಿಗೆ ಆಗಷ್ಟೇ ಯಂತ್ರ ಹಾಕಿದ್ದರು. ಅಜ್ಜಿ ಯಾಚಿಂಗ್‌ಳ ಪಾಲಿನ ರೋಗಿ. ಆ ಕೊಳವೆ ಅರ್ಧ ಗಂಟೆಗೊಮ್ಮೆ ಕಟ್ಟಿಕೊಳ್ಳುತ್ತಿತ್ತು.

ಉಳಿದವರು ಹೊಂದಿಸ್ಕೊತಾರೆ... ಅವಳದೇ ಮಾತು. ಎಷ್ಟು ಸಲೀಸಾಗಿ ಹೇಳಿದ್ದಳು!

"ಬೇಡ, ಯಾಚಿಂಗ್."

"ಅಕ್ಕಾ! ನಿಮ್ಮ ಅಪ್ಪ ಅಲ್ವಾ!"

"ಆ ಅಜ್ಜಿನೂ ಯಾರಿಗೋ ಅಮ್ಮ. ನೀನು ಅವರ ಹತ್ರ ಹೋಗು."

ಹೇಳಿದ್ದು ಮಗಳಲ್ಲ, ಹೆಡ್ ನರ್ಸ್. ಹೇಳಿದ ಮೇಲೆ ಅವಳು ಕಾರಿಡಾರಿನ ಬೆಂಚಿನ ಮೇಲೆ ಕೂತಳು. ಈಗ ತಾನೊಬ್ಬಳೇ ಹೋಗಬೇಕು. ಬ್ಯಾಗ್ ಒತ್ತುವ ನರ್ಸೂ ತಾನೇ, ತಲೆಯ ಬಳಿ ಕೂತು, ಪದ್ಧತಿಯಂತೆ ಅಪ್ಪನಿಗೆ ಮನೆಯ ದಾರಿ ಹೇಳಬೇಕಾದ ಮಗಳೂ ತಾನೇ. ಕೈ ಇರುವುದು ಎರಡೇ.

ಆಗ ಅವಳಿಗೆ ಯೆನ್‌ಲಿನ್ ಹೇಳಿದ ಇಡೀ ಮಾತು ಕೇಳಿಸಿತು. ಪಾಳಿಗೆ ಇಷ್ಟೇ ಜನರನ್ನ ಇಟ್ಕೊಂಡು...

ಅವನ ನಂಬರಿನ ಬ್ಲಾಕ್ ತೆಗೆದು ಫೋನ್ ಹಚ್ಚಿದಳು. ಮೊದಲ ರಿಂಗಿಗೇ ಎತ್ತಿದ.

"ಮಾನ್‌ಯೂನ್?"

"ನೀವು ಇಲ್ಲ ಅಂದಿದ್ದು ಸರಿ ಇತ್ತು. ಅಷ್ಟು ಹೇಳೋಕೆ ಫೋನ್ ಮಾಡಿದೆ. ನಾನೂ ಇವತ್ತು ಇಲ್ಲ ಅಂದೆ... ನಮ್ಮ ಅಪ್ಪನಿಗೇ."

ಅವಳು ಅಳುತ್ತಾ ಎಲ್ಲ ಹೇಳಿದಳು.

"ನಾನು ನಿಮಗೆ ಮೊದಲೇ ಹೇಳ್ಬೇಕಿತ್ತು," ಅಂದ ಯೆನ್‌ಲಿನ್. "ನಮ್ಮ ಅಮ್ಮ ನಮ್ಮ ಆಸ್ಪತ್ರೇಲೇ ಇದ್ರು. ಅವರ ನರ್ಸ್ ಇನ್ನೊಬ್ಬರನ್ನ ಮನೆಗೆ ಬಿಡೋಕೆ ಹೋಗಿದ್ಲು. ಅಷ್ಟರಲ್ಲಿ ಅಮ್ಮನ ಕೊಳವೆ ಕಟ್ಕೊಳ್ತು. ಉಳಿದವರು ನೋಡೋ ಹೊತ್ತಿಗೆ ಮುಗಿದಿತ್ತು. ನಾನು ಕೆಳಗಿನ ಮಹಡೀಲೇ ಇದ್ದೆ, ಬೇರೆ ರೋಗಿ ಹತ್ರ..."

"ಯೆನ್‌ಲಿನ್..."

"ಆ ಹುಡುಗೀದು ತಪ್ಪಿರ್ಲಿಲ್ಲ. ಒಳ್ಳೆ ಕೆಲಸಕ್ಕೇ ಹೋಗಿದ್ಲು. ಯಾರ ಮೇಲೂ ಕೋಪ ಮಾಡ್ಕೊಳ್ಳೋಕೆ ಆಗ್ಲಿಲ್ಲ ನನಗೆ. ಅದಕ್ಕೇ ನಿಯಮ ಬರೆದೆ. ತರಗತೀಲಿ ಹೇಳೋ ಮಾತಲ್ಲ ಅದು. ನಿಮಗೆ ಹೇಳೋಕೆ ಧೈರ್ಯ ಸಾಲ್ಲಿಲ್ಲ."

ಅವಳಿಗೆ ತನ್ನ ಮೊದಲ ದಿನದ ಪ್ರಶ್ನೆಗಳೆಲ್ಲ ನೆನಪಾದವು. ನಾಚಿಕೆಯಿಂದ ಕಣ್ಣು ಮುಚ್ಚಿಕೊಂಡಳು.

"ಆಂಬುಲೆನ್ಸ್‌ನವರಿಗೆ ಮಧ್ಯಾಹ್ನ ಬರೋಕೆ ಹೇಳಿ," ಅಂದ ಅವನು. ದನಿ ಬದಲಾಗಿತ್ತು. "ನಾನು ಇವತ್ತು ಯಾವ ಪಾಳೀಲೂ ಇಲ್ಲ. ನನ್ನ ಲೈಸೆನ್ಸ್ ಇನ್ನೂ ಇದೆ. ಹೊರಟೆ."

*

ಆಂಬುಲೆನ್ಸ್ ಹೊರಟಾಗ ಯೆನ್‌ಲಿನ್ ಅಪ್ಪನ ತಲೆಯ ಹಿಂದೆ ಕೂತಿದ್ದ. ಎರಡೂ ಕೈಯಲ್ಲಿ ಬ್ಯಾಗ್. ಒತ್ತು, ಬಿಡು... ಒತ್ತು, ಬಿಡು. ಮಾನ್‌ಯೂನ್ ಪಕ್ಕದಲ್ಲಿ ಕೂತು ಅಪ್ಪನ ಎದೆಯನ್ನೇ ನೋಡುತ್ತಾ, ತನಗೇ ಗೊತ್ತಿಲ್ಲದೆ ತುಟಿ ಅಲುಗಿಸಿ ಎಣಿಸುತ್ತಿದ್ದಳು. ಇಷ್ಟು ವರ್ಷದ ಅಭ್ಯಾಸ.

"ಮಾನ್‌ಯೂನ್, ಲೆಕ್ಕ ನನಗೆ ಬಿಡಿ," ಅಂದ ಯೆನ್‌ಲಿನ್. "ನೀವು ಅಪ್ಪನ್ನ ಕರೀರಿ. ಮುಂದೆ ಸೇತುವೆ ಬರ್ತಿದೆ."

ಸೇತುವೆ ಬಂದರೆ ಹೇಳಬೇಕು. ಹೇಳದಿದ್ದರೆ ಹೋಗುವವರಿಗೆ ದಾರಿ ತಪ್ಪುತ್ತದೆ, ನೀರಿನ ಈಚೆಯೇ ಉಳಿದುಬಿಡುತ್ತಾರೆ. ಎಷ್ಟು ಮನೆಯವರಿಗೆ ಅವಳೇ ಇದನ್ನು ನೆನಪಿಸಿದ್ದಳೋ! ಈಗ ಹೇಳುವ ಸರದಿ ತನ್ನದು. ಡ್ರೈವರ್ ಕನ್ನಡಿಯಲ್ಲಿ ನೋಡಿ ಗಾಡಿಯನ್ನು ನಿಧಾನ ಮಾಡಿದ.

"ಅ...ಪ್ಪ." ದನಿ ಹೊರಡಲಿಲ್ಲ. ಇನ್ನೊಂದು ಸಲ ಪ್ರಯತ್ನಿಸಿದಳು. "ಅಪ್ಪಾ! ಸೇತುವೆ ದಾಟ್ತಿದ್ದೀವಿ. ನನ್ನ ಜೊತೆಗೇ ಬಾ. ಹಿಂದೆ ಉಳ್ಕೋಬೇಡ, ಗೊತ್ತಾಯ್ತಾ? ನಾನು ಇಲ್ಲೇ ಇದ್ದೀನಿ ಅಪ್ಪಾ..."

ಒಮ್ಮೆ ಬಾಯಿ ಬಿಟ್ಟ ಮೇಲೆ ಅವಳು ನಿಲ್ಲಿಸಲೇ ಇಲ್ಲ. ಉಪ್ಪಿನ ಗದ್ದೆ ಬಂತು, ಮೀನಿನ ಮಾರುಕಟ್ಟೆ ಬಂತು, ಮಾಝು ದೇವಿಯ ಗುಡಿ ಬಂತು, ಎಲ್ಲವನ್ನೂ ಹೇಳಿದಳು. ಅಪ್ಪನ ಕೈಯನ್ನು ಕೆನ್ನೆಗೆ ಒತ್ತಿಕೊಂಡೇ ಹೇಳಿದಳು. ಉಸಿರು ಎಷ್ಟು, ನಾಡಿ ಎಷ್ಟು ಅಂತ ಒಮ್ಮೆಯೂ ನೋಡಲಿಲ್ಲ. ಅವತ್ತು ಅವಳು ಬರೀ ಮಗಳಾಗಿದ್ದಳು.

ಮನೆಯಲ್ಲಿ ಅವಳ ಸೋದರತ್ತೆ ನಡುಕೋಣೆ ಗುಡಿಸಿ, ಸಾವಿನ ನೆರಳು ಬೀಳದ ಹಾಗೆ ಹಿರಿಯರ ಪೀಠಕ್ಕೆ ಕೆಂಪು ಕಾಗದ ಮುಚ್ಚಿ, ಹಲಗೆಯ ಮಂಚ ಹಾಕಿ ಕಾದಿದ್ದಳು. ಅಪ್ಪನನ್ನು ಮಲಗಿಸಿದರು.

"ಅಪ್ಪಾ, ಮನೆ ಬಂತು," ಅಂದಳು ಮಾನ್‌ಯೂನ್. "ಕರ್ಕೊಂಡು ಬಂದೆ ನೋಡು."

ಅಪ್ಪನ ಕಣ್ಣು ಸ್ವಲ್ಪ ತೆರೆಯಿತು. ಮನೆಯ ಸೂರು ನೋಡಿತು, ಮಗಳನ್ನು ನೋಡಿತು. ಮೂಲೆಯಿಂದ ಒಂದು ಹನಿ ಇಳಿಯಿತು.

ಯೆನ್‌ಲಿನ್ ಅವಳ ಮುಖ ನೋಡಿದ. ಅವಳು ತಲೆಯಾಡಿಸಿದಳು. ಅವನು ಕೊಳವೆಯನ್ನು ಮೆಲ್ಲಗೆ ತೆಗೆದ. ಅಪ್ಪ ತನ್ನಷ್ಟಕ್ಕೆ ತಾನೇ ಕೆಲವು ಉಸಿರು ಎಳೆದ, ತನ್ನ ಮನೆಯ ಗಾಳಿ. ಆಮೇಲೆ ಎಳೆಯಲಿಲ್ಲ.

*

ಒಳ್ಳೆಯ ದಿನ ನೋಡಿ ಅಪ್ಪನ ಶವಸಂಸ್ಕಾರವನ್ನು, ಅಂದರೆ ಕೊನೆಯ ಬೀಳ್ಕೊಡುಗೆಯನ್ನು, ಕೆಲವು ವಾರ ಆಚೆಗೆ ಇಟ್ಟಿದ್ದರು. ಆ ದಿನದವರೆಗೂ ಯೆನ್‌ಲಿನ್ ಪ್ರತಿ ವಾರ ಬಂದ. ಬೆಂಚು ಹೊತ್ತ, ಬಂದವರಿಗೆ ಚಹಾ ಕೊಟ್ಟ, ಮಾನ್‌ಯೂನ್ ಅಳುವಾಗ ದೂರದಲ್ಲಿ ನಿಂತ. ಮನಸ್ಸಿನ ಮಾತು ಅವಳೂ ಆಡಲಿಲ್ಲ, ಅವನೂ ಆಡಲಿಲ್ಲ. ಆಡಿದ್ದು ಪ್ರಾಜೆಕ್ಟಿನ ಬಗ್ಗೆ. ಜೊತೆಗಾರರನ್ನು ಮತ್ತೆ ಸೇರಿಸಿ ಅಂತ ಅವಳೇ ಪ್ರೊಫೆಸರ್‌ಗೆ ಕೇಳಿಕೊಂಡಿದ್ದಳು. ಇಬ್ಬರೂ ಕೂತು ಅದನ್ನು ಬುಡದಿಂದ ಬದಲಿಸಿದರು. ಪಾಳಿಯಲ್ಲಿರುವ ಯಾರೂ ಹೋಗಬಾರದು. ನಿದ್ದೆ ಮಾಡಿ, ದಣಿವಾರಿಸಿಕೊಂಡು, ಇದೇ ಕೆಲಸಕ್ಕೆಂದೇ ಸರದಿಯಲ್ಲಿ ಕಾಯುವವರು ಬೇರೆ ಇರಬೇಕು. ಅವಳ ಆಸ್ಪತ್ರೆ ಮೂರು ತಿಂಗಳು ಮಾಡಿ ನೋಡೋಣ ಅಂದಿತು. ಸರದಿಗೆ ಮೊದಲು ಹೆಸರು ಕೊಟ್ಟವನು ಯೆನ್‌ಲಿನ್.

ಬೀಳ್ಕೊಡುಗೆಯ ಬೆಳಗ್ಗೆ ಅಂಗಳದಲ್ಲಿ ಚಪ್ಪರ. ಬಂದ ಅತಿಥಿಗಳಿಗೆಲ್ಲ ಅತ್ತೆ ಒಂದೊಂದು ಬಿಳಿ ಟವೆಲ್ ಕೊಡುತ್ತಿದ್ದಳು. ದುಃಖ ಈ ಮನೆಯಲ್ಲೇ ಉಳಿಯಲಿ, ನಿಮ್ಮ ಜೊತೆ ಬರದಿರಲಿ ಅಂತ ಹೊರಗಿನವರಿಗೆ ಕೊಡುವ ಟವೆಲ್ ಅದು. ಯೆನ್‌ಲಿನ್ ಸರದಿ ಬಂದಾಗ ಅವನೂ ಎರಡು ಕೈ ಚಾಚಿದ.

ಒಳಗಿನಿಂದ ಮಾನ್‌ಯೂನ್ ನೋಡಿದಳು. ಶೋಕದ ಬಟ್ಟೆಯಲ್ಲೇ ಸರಸರ ನಡೆದು ಬಂದು ಅವನ ಕೈಯಿಂದ ಟವೆಲ್ ಕಿತ್ತುಕೊಂಡಳು.

"ಅತ್ತೆ, ಇವರಿಗೆ ಇದನ್ನ ಕೊಡ್ಬೇಡ."

"ಯಾಕೇ?"

"ಇವರು ಹೊರಗಿನವರಲ್ಲ."

ಅತ್ತೆ ಒಮ್ಮೆ ಅವಳನ್ನು, ಒಮ್ಮೆ ಅವನನ್ನು ನೋಡಿದಳು. "ಹೊರಗಿನವರಲ್ಲ ಅಂದ್ರೆ ಏನು? ಬಾಯಿ ಬಿಟ್ಟು ಹೇಳ್ಬೇಕಪ್ಪ. ನಾನು ಮುದುಕಿ, ನನಗೆ ಕಣ್ಸನ್ನೆ ಎಲ್ಲ ಅರ್ಥ ಆಗಲ್ಲ."

ಯೆನ್‌ಲಿನ್ ಕಿವಿ ಕೆಂಪಾಯಿತು. ಆದರೂ ಅವನು ನೇರವಾಗಿ ನಿಂತ. "ನನಗೆ ಇವರಂದ್ರೆ ಪ್ರಾಣ, ಅತ್ತೆ. ಮೊದಲನೇ ದಿನ ಬೈದ್ರಲ್ಲ, ಆವತ್ತಿಂದ."

"ಹಾಗಾದ್ರೆ ಕೇಳಿ ಇಬ್ರೂ. ಮನೇಲಿ ಸಾವಾದ್ರೆ ನೂರು ದಿನದೊಳಗೆ ಮದುವೆ ಆಗ್ಬೇಕು, ಇಲ್ಲಾಂದ್ರೆ ಮೂರು ವರ್ಷ ಕಾಯ್ಬೇಕು. ಈ ನಿಯಮ ನಾನು ಮಾಡಿದ್ದಲ್ಲ." ಅತ್ತೆ ಮುಂದಿನ ಅತಿಥಿಯ ಕಡೆ ಹೋದಳು.

"ನಾನು ಮೂರು ವರ್ಷ ಕಾಯ್ತೀನಿ," ಅಂದ ಯೆನ್‌ಲಿನ್ ತಗ್ಗಿದ ದನಿಯಲ್ಲಿ. "ಈ ನೋವಿನಲ್ಲಿ ಅವಸರ ಬೇಡ ನಿಮಗೆ."

"ನನಗೆ ಅಷ್ಟು ದಿನ ಬೇಡ." ಅವಳ ಕಣ್ಣು ತುಂಬಿ ಬಂತು. "ಅಪ್ಪ ಇಲ್ಲದ ಈ ಮನೆಗೆ ನಾನೊಬ್ಬಳೇ ಬರೋಕಾಗಲ್ಲ ಯೆನ್‌ಲಿನ್. ನಿನ್ನ ಜೊತೆ ಆದ್ರೆ ಬರ್ತೀನಿ."

ಮೊದಲ ಬಾರಿ 'ನೀನು' ಅಂದಿದ್ದಳು.

ಒಳಗೆ ಓಲಗದಂಥ ಸುವೊನಾ ಊದತೊಡಗಿದರು. ಅತಿಥಿಗಳು ಚಪ್ಪರದ ಕೆಳಗೆ, ಮನೆಯವರು ನಡುಕೋಣೆಯಲ್ಲಿ ಸಾಲಾಗಿ ನಿಲ್ಲುವ ಹೊತ್ತು. ಯೆನ್‌ಲಿನ್ ಹೊಸ್ತಿಲ ಬಳಿ ತಡೆದು ನಿಂತ.

"ನಾನು ಎಲ್ಲಿ ನಿಲ್ಲಲಿ, ಮಾನ್‌ಯೂನ್?"

ಅವಳು ಅವನ ತೋಳು ಹಿಡಿದು ಒಳಗೆ ಕರೆದುಕೊಂಡಳು.

"ಇಲ್ಲಿ. ನನ್ನ ಪಕ್ಕ."